ರಾಣಿಪಾರ್ಟಿನವನಿಗೆ ಬಡಿಸಿದ ಬೆಣ್ಣೆ

ಶಿರಸಿಗೆ ನಾಟಕ ಕಂಪನಿ ಬಂದು ಡೇರೆ ಹೊಡೆಯಿತೆಂದರೆ ಪೇಟೆಯವರಿಗೆಲ್ಲ ಕಲೆಯ ಮೇಲೆ ಭಕ್ತಿ ಉಕ್ಕುತ್ತಿತ್ತು. ಸೋಡಾದವನು ಬಾಟ್ಲಿ ಹೆಚ್ಚಿಗೆ ತರಿಸುತ್ತಿದ್ದ, ದರ್ಜಿ ಮಷೀನಿಗೆ ಎಣ್ಣೆ ಬಿಡುತ್ತಿದ್ದ, ಹೂವಿನವಳಿಗೆ ನನ್ನ ಜೊತೆ ಜಗಳಾಡಲಿಕ್ಕೂ ಪುರಸೊತ್ತು ಇರುತ್ತಿರಲಿಲ್ಲ. ಇವರಲ್ಲಿ ಒಬ್ಬರೂ ನಾಟಕ ನೋಡಿದವರಲ್ಲ. ನಾನೂ ನೋಡಿರಲಿಲ್ಲ.

ನನ್ನದು ರೊಟ್ಟಿ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಬನವಾಸಿ ಆಚೆಯ ಜೋಳದ ಸೀಮೆಯಿಂದ ಬಂದು ಹಾಕಿದ್ದು. ಅನ್ನ ಉಣ್ಣುವ ಊರಲ್ಲಿ ಜೋಳದ ರೊಟ್ಟಿ ಮಾರಲು ಹೊರಟವಳ ಬುದ್ಧಿಗೆ ಏನನ್ನಬೇಕೋ! ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆ ವರ್ಷ ಬಂದ ಕಂಪನಿ ಗದಗದ ಕಡೆಯದು. ಎರಡು ಹೊತ್ತೂ ಅಷ್ಟೂ ಜನ ನನ್ನಲ್ಲೇ ಊಟಕ್ಕೆ ಕೂತರು. ಮಳೆಗಾಲದ ತನಕ ಅವರು ನಿಂತರೆ ಮಗಳನ್ನು ಹೈಸ್ಕೂಲಿಗೆ ಹಾಕಬಹುದು. ಇಲ್ಲದಿದ್ದರೆ ಅವಳು ಊರಲ್ಲಿರುವ ನನ್ನ ಅಣ್ಣನ ಮನೆಗೆ, ಸೆಗಣಿ ಬಾಚಲಿಕ್ಕೆ.

ಹೊಟ್ಟೆ ತುಂಬಿದವರು ಊರು ಬಿಡುವುದಿಲ್ಲ ಎಂದು ನಾನು ತಿಳಿದೆ. ಎಲ್ಲರಿಗೂ ಒತ್ತಾಯ ಮಾಡಿ ಬಡಿಸಿದೆ, ರಾಣಿಪಾರ್ಟು ಮಾಡುವ ಗಂಡಸಿಗೆ ಇನ್ನೂ ಹೆಚ್ಚು. ಜನ ಬರುತ್ತಿದ್ದುದೇ ಅವನನ್ನು ನೋಡಲಿಕ್ಕೆ. ಸಾಕೆಂದು ಅವನು ಕೈ ಅಡ್ಡ ಹಿಡಿದರೆ ಕೈಮೇಲೆಯೇ ಬೆಣ್ಣೆ ಹಾಕಿದೆ. ನಮ್ಮ ಕಡೆ ಹಾಗೆ ಹಾಕದಿದ್ದರೆ ಮರ್ಯಾದೆಗೇಡು.

ತಿಂಗಳೊಪ್ಪತ್ತಿನಲ್ಲಿ ದರ್ಜಿ ಅವನ ರವಿಕೆಯನ್ನು ಮೂರು ಸಲ ಬಿಚ್ಚಿ ಅಗಲ ಮಾಡಿದ. ಕಂಪನಿ ಮಾಲೀಕ ಊಟದ ನಡುವೆ ನನ್ನನ್ನು ಕರೆದು, "ಅಕ್ಕಾರ, ಅವಗ ಸ್ವಲ್ಪ ಕಡಿಮಿ ಬಡಸ್ರಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಅರೆಹೊಟ್ಟ್ಯಾಗ ಎಬ್ಬಸೂದು ನಮ್ಮ ಮನಿತನದಾಗ ಇಲ್ರಿ" ಎಂದು ಮಾಲೀಕನ ತಾಟಿಗೂ ಎರಡು ರೊಟ್ಟಿ ಒಗೆದೆ.

ಮುಂದಿನದನ್ನು ಸೋಡಾದವನು ಬಂದು ಹೇಳಿದ. ಹೊಸ ನಾಟಕದಲ್ಲಿ ರಾಣಿ ಕಾಡುಪಾಲಾಗಿ ನಲವತ್ತು ದಿನ ಉಪವಾಸ ಬಿದ್ದಿರಬೇಕು. ಹಸಿವಿಗೆ ಜೋಲಿ ಹೊಡೆದು ಅವಳು ರಟ್ಟಿನ ಮರಕ್ಕೆ ಒರಗಿದಳಂತೆ. ಮರ ಅವಳ ಸಮೇತ ಬಿತ್ತಂತೆ. ಸಿದ್ದಾಪುರ ಕಡೆಯ ತೋಟದ ಯಜಮಾನರೊಬ್ಬರು ಮುಂದಿನ ಸಾಲಿನಿಂದ ತಮ್ಮ ಹವ್ಯಕ ಮಾತಿನಲ್ಲಿ ಕೂಗಿದರಂತೆ: "ಇಂಥ ಉಪವಾಸ ಆದ್ರೆ ಆನೂ ಮಾಡ್ತೆ ಮಾರಾಯ!" ಡೇರೆಗೆ ಡೇರೆಯೇ ನಕ್ಕಿತಂತೆ.

ಸುದ್ದಿ ಯಲ್ಲಾಪುರ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ರಾಣಿಯ ಕಷ್ಟಕ್ಕೆ ಅಳಲೆಂದು ಗಾಡಿ ಕಟ್ಟಿಕೊಂಡು ಬರುತ್ತಿದ್ದ ಹೆಂಗಸರು ಬರುವುದನ್ನೇ ಬಿಟ್ಟರು. ಶಿವರಾತ್ರಿಗೆ ಮೊದಲೇ ಕಂಪನಿ ಡೇರೆ ಕಿತ್ತಿತು. ಪೇಟೆಯಲ್ಲಿ ಹದಿನೈದು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಜೂನಿನಲ್ಲಿ ಮಗಳು ಬನವಾಸಿ ಬಸ್ಸು ಹತ್ತಿದಳು. ಎಂಟನೇ ಇಯತ್ತೆಯ ಹಳೇ ಪುಸ್ತಕಗಳನ್ನು ಯಾರನ್ನೋ ಬೇಡಿ ಆಗಲೇ ತಂದಿಟ್ಟುಕೊಂಡಿದ್ದಳು. "ಬರೋ ವರ್ಷ ಕಂಪನಿ ಬಂದೇ ಬರ್ತದ, ಕರಸ್ಕೋತೀನಿ" ಎಂದೆ. "ಹಂಗಾರ ನನ್ನ ಪುಸ್ತಕ ಯಾರಿಗೂ ಕೊಡಬ್ಯಾಡವಾ" ಎಂದಳು.

ಮರುವರ್ಷ ಬೇರೊಂದು ಕಂಪನಿ ಬಂತು. ಅಡುಗೆಯವನನ್ನು ಜೊತೆಗೇ ಕರೆದುಕೊಂಡು ಬಂದಿದ್ದರು. ಪುಸ್ತಕ ದರ್ಜಿಯ ಮಗನಿಗೆ ಕೊಟ್ಟೆ.