ಹನುಮವ್ವ ಕುರ್ಚಿ ಮೇಲೆ ಕೂರಲಿಲ್ಲ

‘ಎಲ್ಲಾ ಆರಾಮ ಅದರೀ. ಅವ್ವ ಕೆಳಗ ಕುಂತು ತೊಗರಿ ಹಸನ ಮಾಡಾಕತ್ಯಾಳ.’

ರಾಯಚೂರು ಜಿಲ್ಲೆಯ ಜಾಲಹಳ್ಳಿಯಿಂದ ಹನುಮವ್ವನ ಮಗಳು ಫೋನಿನಲ್ಲಿ ಇಷ್ಟು ಹೇಳಿದ್ದೇ ತಡ, ನಾನು ಎದ್ದು ನಿಂತೆ. ಕೆಳಗೆ ಕೂತಿದ್ದಾರಾ? ಬಿದ್ದು ಸೊಂಟದ ಕೀಲು ಬದಲಿಸಿಕೊಂಡು ಇನ್ನೂ ತಿಂಗಳಾಗಿಲ್ಲ! ಹಾಗೆ ಕೂತರೆ ಹೊಸ ಕೀಲು ಜಾರಬಹುದು. ಜಾರಿದರೆ ಮತ್ತೆ ಆಸ್ಪತ್ರೆ, ಬಹುಶಃ ಮತ್ತೆ ಆಪರೇಷನ್.

ನಾನು ರಾಯಚೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ. ಡಿಸ್ಚಾರ್ಜ್‌ಗೆ ಮುಂಚೆ ಪೇಷಂಟಿಗೆ ಪಾಠ ಮಾಡಬೇಕು, ಅದಕ್ಕೊಂದು ಪ್ಲಾನ್ ಬರೆಯಬೇಕು. ಹನುಮವ್ವನದು ನನ್ನ ಮೊದಲ ಪಾಠ. ಹದಿನೈದು ನಿಮಿಷ, ಬಣ್ಣದ ಚಿತ್ರಗಳು, ನೆಲದ ಮೇಲೆ ಕೂತ ಹೆಂಗಸಿನ ಮೇಲೆ ದಪ್ಪ ಕೆಂಪು ಗೀಟು (ಎರಡು ಸಂಜೆ ಹಿಡಿದಿತ್ತು). ಕಾಲೇಜಿನ ಮೇಡಂ ‘ಗುಡ್’ ಅಂದರು. ಹನುಮವ್ವ ಪ್ರತಿ ಮಾತಿಗೂ ‘ಹೂಂ’ ಅಂದರು. ನಾನು ಉಬ್ಬಿಹೋದೆ.

‘ಇಬ್ಬರು ಹಿಡಿದು ಎಬ್ಬಸ್ರಿ! ಆಪರೇಷನ್ ಆದ ಕಾಲು ಚಾಚೇ ಇರಲಿ, ಬಗ್ಗಸಬ್ಯಾಡ್ರಿ!’ ಎಂದು ಕೂಗಿದೆ. ಆಚೆಯಿಂದ ಬರೀ ಬಳೆಯ ಸದ್ದು, ಏದುಸಿರು. ದೇವರೇ, ಚೀರುವ ದನಿಯೊಂದು ಕೇಳದಿರಲಿ!

‘ಎದ್ದಾಳ್ರಿ. ನೋವಿಲ್ಲಂತ.’

‘ಮನ್ಯಾಗ ಕುರ್ಚಿ ಇಲ್ಲೇನ್ರಿ?’

‘ಅದರೀ. ಆದ್ರ ಅಜ್ಜಿ ಕೆಳಗ ಕುಂದರ್ತಾಳ. ಅತ್ತಿ ಕೆಳಗಿದ್ದಾಗ ಅವ್ವ ಮ್ಯಾಲ ಹೆಂಗ ಕುಂದ್ರಬೇಕ್ರಿ?’

ಹನುಮವ್ವನ ಅತ್ತೆಗೇ ಫೋನ್ ಕೊಡಿ ಅಂದೆ. ಕೀಲು, ಅಪಾಯ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮುದುಕಿ ಕೇಳಿದ್ದು ಒಂದೇ: ‘ನಿಮ್ಮವ್ವ ಅತ್ತಿ ಮುಂದ ಕುರ್ಚಿ ಮ್ಯಾಲ ಕುಂದರ್ತಾಳೇನವ್ವಾ?’

ಮಾನ್ವಿಯ ನಮ್ಮ ಮನೆಯಲ್ಲಿ ಅಜ್ಜಿಯ ನೆರಳು ಕಂಡರೆ ಸಾಕು, ಅಮ್ಮ ಕುರ್ಚಿ ಬಿಟ್ಟು ಏಳುತ್ತಾಳೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ನನ್ನ ಪ್ಲಾನಿನಲ್ಲಿ ಎಲ್ಲಿತ್ತು? ಪಾಠವನ್ನು ಸೊಸೆಗೆ ಮಾಡಿ, ಅಪ್ಪಣೆ ಕೊಡಬೇಕಾದವರನ್ನು ಜಾಲಹಳ್ಳಿಯಲ್ಲೇ ಬಿಟ್ಟಿದ್ದೆ.

‘ಯವ್ವಾ, ನೀವು ಹೊರಸಿನ ಮ್ಯಾಲ ಕುಂದ್ರಿ. ಸೊಸಿಗೆ ಕುರ್ಚಿ ಮ್ಯಾಲ ಕುಂದ್ರು ಅಂತ ನೀವೇ ಹೇಳ್ರಿ. ನಿಮ್ಮ ಮಾತು ಮೀರಂಗಿಲ್ಲ’ ಎಂದು ಬೇಡಿಕೊಂಡೆ.

ಮುದುಕಿ ‘ಹೂಂ’ ಅಂದರು.

ಅದಾಗಿ ನಾಲ್ಕು ದಿನ. ಫೋನ್ ರಿಂಗಾದರೆ ಈಗಲೂ ಜಾಲಹಳ್ಳಿಯ ನಂಬರೇ ಎಂದು ಮೊದಲು ನೋಡುತ್ತೇನೆ. ‘ಹೂಂ’ ಅಂತ ಹನುಮವ್ವನೂ ಅಂದಿದ್ದರಲ್ಲವೇ?