ಗಾಳಿಯಲ್ಲಿ ಕುಡಿಯುವ ಬೇರು

ಅಕ್ಕ ಅರಕಲಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಕಿಡ್ನಿ ಕೈಕೊಟ್ಟ ಮೇಲೆ ಚನ್ನರಾಯಪಟ್ಟಣದ ಪಕ್ಕದ ನಮ್ಮ ತೋಟದ ಮನೆಗೇ ಬಂದುಬಿಟ್ಟಳು. ಬಟ್ಟೆ ಬ್ಯಾಗಿನ ಜೊತೆ ಒಂದು ಸೀತಾಳೆ ಗಿಡ, ಆರ್ಕಿಡ್ ಅಂತಾರಲ್ಲ, ಅದು. ಹಿಂದೆ ಮಕ್ಕಳನ್ನು ಬಿಸಿಲೆ ಕಾಡಿಗೆ ಕರೆದೊಯ್ದಾಗ, ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಸಿಕ್ಕಿದ್ದಂತೆ.

ಮಗಳು ತಂದ ಗಿಡ ಅಂದರೆ ಅವ್ವ ಸುಮ್ಮನಿರುತ್ತಾಳೆಯೇ? ನಾನು ಅಕ್ಕನನ್ನು ಹಾಸನಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿದ್ದಾಗ, ತೆಂಗಿನ ಸಸಿಗೆ ಮಾಡುವ ಹಾಗೆಯೇ ಪಾತಿ ಮಾಡಿ, ಕೆರೆಯ ಗೋಡುಮಣ್ಣು ತುಂಬಿ, ಕೊಟ್ಟಿಗೆ ಗೊಬ್ಬರ ಹಾಕಿ, ಅದನ್ನು ಕುತ್ತಿಗೆಯವರೆಗೆ ಹೂತು ಒಂದು ಕೊಡ ನೀರು ಸುರಿದಿದ್ದಳು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಕ್ಕ ಮಾತ್ರ ನೋಡಿ ನಕ್ಕಳು.

"ಅವ್ವಾ, ಅದ್ರ ಉಸುರು ಕಟ್ಟಿಸ್ಬುಟ್ಟಲ್ಲ!"

ಮಳೆಕಾಡಿನಲ್ಲಿ ನೀರಿಗಲ್ಲ, ಬೆಳಕಿಗೆ ಬರ ಎಂದಳು. ಅದಕ್ಕೇ ಈ ಗಿಡ ಮರದ ಮೇಲೆ ಹೋಗಿ ಕೂರುತ್ತದಂತೆ. ಕೆಳಗಿರುವ ಗಿಡಗಳು ನೀರು ನಿಂತು ಪಾಚಿ ಹಿಡಿಯದಿರಲಿ ಎಂದು ಎಲೆಯ ತುದಿ ಚೂಪು ಮಾಡಿಕೊಂಡಿವೆಯಂತೆ. ಸೀತಾಳೆಯ ಬೇರು ಗಾಳಿಯಲ್ಲೇ ತೂಗಿಕೊಂಡು ಕುಡಿಯುತ್ತದೆ. ಒಣಗಿದ್ದಾಗ ಬಿಳಿ, ಕುಡಿದಾಗ ಹಸಿರು. ಮಣ್ಣಲ್ಲಿಟ್ಟು ನೀರು ಹೊಯ್ದರೆ ಕೊಳೆತೇ ಹೋಗುತ್ತದೆ.

"ನೀರು ಉಯ್ದ್ರೆ ಸಾಯೋವು ಎಲ್ಲಾರ ಉಂಟಾ?" ಅಂದಳು ಅವ್ವ.

"ನಾನಿಲ್ವಾ?"

ಅವ್ವನ ಮುಖ ಸಪ್ಪಗಾಯಿತು. ನಾನೇ ಗಿಡವನ್ನು ಕಿತ್ತು ತೊಳೆದು ತೆಂಗಿನ ಮರಕ್ಕೆ ನಾರಿನ ಹಗ್ಗದಲ್ಲಿ ಕಟ್ಟಿದೆ.

ಬಾಗಿಲಿಗೆ ಯಾರೇ ಬರಲಿ, ನೀರು ಬೆಲ್ಲ ಕೊಡದೆ ಕಳಿಸಿದವಳಲ್ಲ ಅವ್ವ. ಅವಳೇ ಈಗ ಹೆತ್ತ ಮಗಳಿಂದ ನೀರಿನ ಬಿಂದಿಗೆ ಕಾಯಬೇಕಾಯಿತು. ಕುಡಿದ ನೀರು ಹೊರಹೋಗದೆ ಮೈಯಲ್ಲೇ ನಿಲ್ಲುತ್ತದೆಂದು ಡಾಕ್ಟರು ಅಷ್ಟು ಕಟ್ಟುನಿಟ್ಟು ಮಾಡಿದ್ದರು. ತೋಟದ ತುಂಬ ಎಳನೀರು, ಅಕ್ಕನಿಗೆ ಅದು ವಿಷ. ಹೊಳೆನರಸೀಪುರದ ನೆಂಟರೊಬ್ಬರು ನೋಡಲು ಬಂದು ಅವಳೆದುರೇ ಸೊರ್ ಎಂದು ಎಳನೀರು ಹೀರಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅವರನ್ನು ಬೈದೇ ಕಳಿಸಿದೆ. ಅದರಿಂದ ಅಕ್ಕನ ಬಾಯಾರಿಕೆಯೇನೂ ಕಡಿಮೆಯಾಗಲಿಲ್ಲ.

ಬೇಸಿಗೆ ಕಾಲಿಟ್ಟಾಗ ಒಂದು ಬೆಳಿಗ್ಗೆ ಅವಳಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಕಾರಿನಲ್ಲಿ ಹಾಸನಕ್ಕೆ ಹೊರಟೆವು. ಶಾಂತಿಗ್ರಾಮದ ಹತ್ತಿರ "ಅವ್ವಾ, ಒಂದು ಗುಟುಕು" ಅಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವ್ವ ಸೆರಗಿನ ತುದಿ ಒದ್ದೆ ಮಾಡಿ ಅಕ್ಕನ ತುಟಿಗೆ ಒತ್ತಿದಳು, ಅಷ್ಟೇ. ಆಸ್ಪತ್ರೆಯ ಗೇಟು ಬರುವುದರೊಳಗೆ ಎಲ್ಲ ಮುಗಿದಿತ್ತು.

ತಿಥಿ ಕಳೆದು ನೆಂಟರೆಲ್ಲ ಹೋದ ಮೇಲೆ ಅವ್ವ ಚೊಂಬು ಹಿಡಿದು ತೆಂಗಿನ ಮರದ ಹತ್ತಿರ ಹೋದಳು. ಸುರಿದೇಬಿಡುತ್ತಾಳೆಂದು ಹಿಂದೆಯೇ ಓಡಿದೆ. ಅವಳು ಸುರಿಯಲಿಲ್ಲ. ಬೆರಳು ಅದ್ದಿ, ಜೋತಾಡುತ್ತಿದ್ದ ಒಂದು ಬೇರಿಗೆ ಸವರಿದಳು. ಸುಣ್ಣದ ಹಾಗಿದ್ದ ಬೇರು ನೋಡುತ್ತಿದ್ದಂತೆಯೇ ಹಸಿರಾಯಿತು.

"ಕುಡೀತು ಕಣ್ಲಾ," ಅಂದಳು ಅವ್ವ. "ಇಷ್ಟೇ ಇಷ್ಟು ಕೇಳಿದ್ಲು ಕಣ್ಲಾ ಅವ್ಳೂವೆ."