ಎರಡನೆಯ ಚಾಪೆ

ಸವಣೂರಿನಲ್ಲಿ ನಮ್ಮ ಮನೆಗೂ ದವಾಖಾನೆಯ ನರ್ಸಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಅವರು ಒಬ್ಬರೇ ಇದ್ದರು. ನನ್ನ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ಅವರದು. ಅವರು ಬಂದುಹೋದ ಮೇಲೆ ನಮ್ಮತ್ತೆ ಹೊಸ್ತಿಲಿಗೆ ನೀರು ಹಾಕುತ್ತಿದ್ದರು. ಅದನ್ನು ಕಂಡೂ ಅವರು ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು ಸುಮ್ಮನೆ ನಗುತ್ತಿದ್ದರು.

ಊರಿನಲ್ಲಿ ಇಗರ್ಜಿ ಇರಲಿಲ್ಲ. ಕ್ರಿಸ್ಮಸ್ಸಿಗೆ ಅವರು ಸಾಬೂನಿನ ಪೆಟ್ಟಿಗೆಯಲ್ಲಿ ಜೋಳದ ಒಣ ಕಣಿಕಿ ಹಾಸಿ, ಯೇಸು ಹುಟ್ಟಿದಾಗ ಮಲಗಿದ್ದ ಗೋದಲಿ ಮಾಡುತ್ತಿದ್ದರು. ಮಣ್ಣಿನ ಬಾಲಯೇಸುವನ್ನು ಮಾತ್ರ ಅರಳೆಯಲ್ಲಿ ಸುತ್ತಿಟ್ಟು, ಜೊತೆಗೆ ಪ್ರಾರ್ಥಿಸುವವರು ಬಂದ ಮೇಲೆಯೇ ಅದರಲ್ಲಿ ಮಲಗಿಸುತ್ತಿದ್ದರು. "ಇಬ್ಬರು ಕೂಡಿದ್ರ ಸಾಕು ತಂಗಿ, ಆತ ಬಂದ ಬರ್ತಾನ" ಎನ್ನುವುದು ಅವರ ಮಾತು.

ಪ್ರತಿ ವರ್ಷ ಪ್ರಾರ್ಥನೆಗೆ ಹುಬ್ಬಳ್ಳಿಯಿಂದ ಪಾದ್ರಿ ಬರುತ್ತಿದ್ದರು. ಒಂದು ವರ್ಷ ಹತ್ತಿರದ ಯಲವಿಗಿ ಸ್ಟೇಷನ್ನಿಗೆ ಬಂದ ರೈಲಿನಲ್ಲಿ ಪಾದ್ರಿ ಇರಲಿಲ್ಲ. ಕ್ರಿಸ್ಮಸ್ಸಿನ ಮುಂಜಾನೆ ನರ್ಸಬಾಯಿ ನಮ್ಮ ಹಿತ್ತಲಿಗೆ ಬಂದರು.

"ನೀ ಕಾನ್ವೆಂಟಿನ್ಯಾಗ ಕಲಿತಾಕಿ. ನಮ್ಮ ಹಾಡು ಬರ್ತದಲ್ಲ? ಒಂದ ಹಾಡು, ಬಾರವಾ."

ಒಳಗಿನಿಂದ ಅತ್ತೆ, "ಹೋಗು, ಹೋಗು. ಹಂಗ ನಿನ್ನ ಟ್ರಂಕೂ ಅಲ್ಲೇ ಒಯ್ಯಿ" ಎಂದರು.

ನಾನು ನರ್ಸಬಾಯಿಯ ಬಾಗಿಲವರೆಗೆ ಹೋದೆ. ಒಳಗೆ ಎರಡು ಚಾಪೆ ಹಾಸಿದ್ದರು. ಒಂದರ ಮೇಲೆ ಕುಳಿತು ಅವರು ಹಾಡು ಎತ್ತಿಕೊಂಡರು. ಎರಡನೆಯ ಸಾಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಹೊಸ್ತಿಲಾಚೆ ನಿಂತೇ ಇದ್ದೆ, ಬಾಯಿ ತೆರೆಯಲಿಲ್ಲ.

"ಇರ್ಲಿ ಬಿಡು, ಮರತಿರಬೇಕು ನೀ" ಎಂದು ಅವರು ಬಾಲಯೇಸುವನ್ನು ಅರಳೆಯ ಸಮೇತ ಕಪಾಟಿನಲ್ಲಿಟ್ಟು, ಎರಡನೆಯ ಚಾಪೆ ಸುತ್ತಿದರು.

ನಾನು ಮರೆತಿರಲಿಲ್ಲ. ಮಗಳನ್ನು ಮಲಗಿಸುವಾಗ ದಿನಾ ಆ ಹಾಡನ್ನೇ ಗುನುಗುತ್ತಿದ್ದೆ. ಗೋಡೆಯಾಚೆ ಅವರಿಗೆ ಅದು ಕೇಳುತ್ತಿತ್ತು.